ಒಂದೇ ಕಾರಿಗೆ ಎರಡು ಹೆಸರು, ಒಂದೇ ಹೆಸರಿಗೆ ಹಲವು ಕಾರು: ಬಿಡದಿಯ ಮಾದರಿಗಳ ನಾಮಕರಣ

2024ರ ಡಿಸೆಂಬರ್ 11ರಂದು ಟೊಯೋಟಾ ಕಿರ್ಲೋಸ್ಕರ್ ಮೋಟರ್ ಕಂಪನಿ ಒಂಬತ್ತನೇ ತಲೆಮಾರಿನ ಕ್ಯಾಮ್ರಿ ಸೆಡಾನನ್ನು ಭಾರತದ ಮಾರುಕಟ್ಟೆಗೆ ತಂದಿತು. ಆಗಿನ ಎಕ್ಸ್‌ಶೋರೂಂ ಬೆಲೆ 48 ಲಕ್ಷ ರೂಪಾಯಿ. 2,487 ಸಿಸಿಯ ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟರ್ ಸೇರಿ 230 ಪಿಎಸ್ ಶಕ್ತಿ ಕೊಡುತ್ತವೆ. ಈ ಕಾರು ಜೋಡಣೆಯಾಗುವ, ಬೆಂಗಳೂರು ಬಳಿಯ ಬಿಡದಿಯ ಆವರಣದಲ್ಲೇ 2020ರಲ್ಲಿ ಲೆಕ್ಸಸ್ ಇಎಸ್ 300ಎಚ್ ಎಂಬ ಇನ್ನೊಂದು ಐಷಾರಾಮಿ ಸೆಡಾನಿನ ಜೋಡಣೆಯೂ ಶುರುವಾಗಿತ್ತು. ಅದರ ಎಂಜಿನ್ನೂ 2,487 ಸಿಸಿಯದೇ, ತಳಪಾಯವೂ ಕ್ಯಾಮ್ರಿಯ ಕುಲದ್ದೇ. ಬೆಲೆ ಮಾತ್ರ ಆಗ ಹತ್ತು ಲಕ್ಷಕ್ಕೂ ಮಿಕ್ಕಿ ಹೆಚ್ಚಿತ್ತು. ಅಗ್ಗದ್ದಕ್ಕೆ ಉಚ್ಚರಿಸಬಹುದಾದ ಒಂದು ಹೆಸರು, ದುಬಾರಿಯದಕ್ಕೆ ಅಕ್ಷರ ಮತ್ತು ಅಂಕಿ.

ಈ ವ್ಯತ್ಯಾಸ ಎಲ್ಲಿಂದ ಬಂತು? ಮಾದರಿಯ ಹೆಸರು ಯಂತ್ರವನ್ನು ಗುರುತಿಸುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಕರ್ನಾಟಕದ ಕಾರ್ಖಾನೆಗಳಿಂದ ಹೊರಬಂದ ವಾಹನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಆ ನಂಬಿಕೆ ನಿಲ್ಲುವುದಿಲ್ಲ. ಹೆಸರು ಮೊದಲು ಸೂಚಿಸುವುದು ಕಂಪನಿಯ ಶ್ರೇಣಿಯಲ್ಲಿ ಆ ವಾಹನ ನಿಂತಿರುವ ಮೆಟ್ಟಿಲನ್ನು. ಯಂತ್ರ ಯಾವುದೆಂಬುದು ಆಮೇಲಿನ ಮಾತು.

ಟೊಯೋಟಾದ ಹಳೆಯ ಸೆಡಾನ್‌ಗಳೇ ಇದಕ್ಕೆ ಮೊದಲ ಸಾಕ್ಷಿ. 1955ರಲ್ಲಿ ಕ್ರೌನ್, 1957ರಲ್ಲಿ ಕೊರೋನಾ, 1966ರಲ್ಲಿ ಕೊರೋಲಾ ಬಂದವು. ಇಂಗ್ಲಿಷ್, ಲ್ಯಾಟಿನ್ ಮೂಲದ ಈ ಹೆಸರುಗಳೆಲ್ಲ ಕಿರೀಟದ ಸುತ್ತ ಹೆಣೆದವು. 1980ರಲ್ಲಿ ಸೆಲಿಕಾ ಕ್ಯಾಮ್ರಿಯಾಗಿ ಬಂದು 1982ರಲ್ಲಿ ಸ್ವತಂತ್ರ ಮಾದರಿಯಾದ ಕ್ಯಾಮ್ರಿಯ ಹೆಸರೂ ಕಿರೀಟ ಎಂಬರ್ಥದ ಜಪಾನಿ ಪದದಿಂದ ಬಂದದ್ದು. ಹೊಸ ಕಾರು ಯಾವ ಮನೆತನದ್ದು ಎಂಬುದು ಕೊಳ್ಳುವವರಿಗೆ ಹೆಸರಿನಿಂದಲೇ ತಿಳಿಯಲಿ ಎಂಬ ಲೆಕ್ಕಾಚಾರ ಅದು. ಆದರೆ ಅಮೆರಿಕದಲ್ಲಿ ಮರ್ಸಿಡಿಸ್, ಬಿಎಂಡಬ್ಲ್ಯು ಕಾರುಗಳಿಗೆ ಎದುರಾಗಿ ನಿಲ್ಲಬೇಕಾದಾಗ ಟೊಯೋಟಾ ಈ ಕಿರೀಟಗಳನ್ನೆಲ್ಲ ಬದಿಗಿಟ್ಟಿತು. 1989ರಲ್ಲಿ ಲೆಕ್ಸಸ್ ಎಂಬ ಬೇರೆ ಮನೆ ಕಟ್ಟಿ, ಮೊದಲ ದೊಡ್ಡ ಸೆಡಾನಿಗೆ ಎಲ್‌ಎಸ್ 400 ಎಂದಿತು. ಜರ್ಮನ್ ಕಂಪನಿಗಳ ಪದ್ಧತಿಯನ್ನು ಹಾಗೇ ಎತ್ತಿಕೊಂಡಿತು.

ಆ ಪದ್ಧತಿಯಲ್ಲಿ ಅಂಕಿಗೆ ಒಂದು ಕಾಲದಲ್ಲಿ ತಾಂತ್ರಿಕ ಅರ್ಥವಿತ್ತು. ಬಿಎಂಡಬ್ಲ್ಯು ಕಾರಿನ ಮೊದಲ ಅಂಕಿ 3, 5 ಅಥವಾ 7ರ ಸರಣಿಯನ್ನು ಹೇಳುತ್ತಿತ್ತು. ಮುಂದಿನೆರಡು ಅಂಕಿ ಎಂಜಿನ್ನಿನ ಲೀಟರ್ ಗಾತ್ರವನ್ನು. ಟರ್ಬೊ ಮತ್ತು ಹೈಬ್ರಿಡ್ ಬಂದ ಮೇಲೆ ಈ ಕೊಂಡಿ ಕಳಚಿತು. 2022ರಲ್ಲಿ ಭಾರತಕ್ಕೆ ಬಂದ ಮರ್ಸಿಡಿಸ್ ಸಿ 200ರ ಎಂಜಿನ್ ಎರಡು ಲೀಟರ್ ಇಲ್ಲ, ಬರೀ ಒಂದೂವರೆ ಲೀಟರ್. ಬಿಡದಿಯ ಇಎಸ್ 300ಎಚ್‌ನಲ್ಲಿಯೂ ಮೂರು ಲೀಟರ್ ಎಂಜಿನ್ ಇಲ್ಲ. ಡಿಕ್ಕಿಯ ಮೇಲಿನ 300 ಈಗ ಅಳತೆಯನ್ನು ಹೇಳುವುದಿಲ್ಲ. 250ಕ್ಕಿಂತ ಮೇಲೆ, 350ಕ್ಕಿಂತ ಕೆಳಗೆ ಎಂಬ ಅಂತಸ್ತನ್ನಷ್ಟೇ ಹೇಳುತ್ತದೆ.

ಇದಕ್ಕಿಂತ ಸ್ಪಷ್ಟವಾದ ಪುರಾವೆ ಐಷಾರಾಮಿ ವರ್ಗದ ಹೊರಗಿದೆ. 2022ರಲ್ಲಿ ಬಿಡದಿಯಿಂದ ಎರಡು ಎಸ್‌ಯುವಿಗಳು ಹೊರಟವು: ಟೊಯೋಟಾ ಅರ್ಬನ್ ಕ್ರೂಸರ್ ಹೈರೈಡರ್ ಮತ್ತು ಮಾರುತಿ ಸುಜುಕಿ ಗ್ರ್ಯಾಂಡ್ ವಿಟಾರಾ. ಅಕ್ಕಪಕ್ಕ ನಿಲ್ಲಿಸಿ ನೋಡಿದರೆ ಬಾಗಿಲು, ಕಿಟಕಿ ಗಾಜು, ಛಾವಣಿ ಎಲ್ಲ ಒಂದೇ. ಮುಂಭಾಗದ ಗ್ರಿಲ್, ದೀಪಗಳು, ಬಂಪರ್, ಹಿಂದಿನ ದೀಪ ಮತ್ತು ಲಾಂಛನ ಬೇರೆ. ಮರುವರ್ಷ ಜುಲೈನಲ್ಲಿ ಇದೇ ಬಗೆಯಲ್ಲಿ ಟೊಯೋಟಾದ ಇನ್ನೋವಾ ಹೈಕ್ರಾಸ್ ಮಾರುತಿಯ ಶೋರೂಮಿನಲ್ಲಿ ಇನ್ವಿಕ್ಟೊ ಆಯಿತು. ಬೆಂಗಳೂರಿಗೆ ಇದು ಹೊಸತೇನಲ್ಲ. ಚೇತನ್ ಮೈನಿ ಅವರ ಕಂಪನಿ 2001ರಲ್ಲಿ ಮಾರುಕಟ್ಟೆಗೆ ತಂದ ಪುಟ್ಟ ವಿದ್ಯುತ್ ಕಾರಿಗೆ ಇಲ್ಲಿ ಅವರ ತಾಯಿಯ ಹೆಸರು, ರೇವಾ. ಅದೇ ಕಾರು ಲಂಡನ್ನಿನ ಬೀದಿಗಳಲ್ಲಿ ಜಿ-ವಿಜ್ ಆಗಿ ಓಡಿತು.

ಇದರ ತದ್ವಿರುದ್ಧ ಉದಾಹರಣೆ ಇನ್ನೋವಾ. 2005ರಲ್ಲಿ ಕ್ವಾಲಿಸ್‌ನ ಜಾಗಕ್ಕೆ ಬಂದಾಗ ಅದು ಲಾರಿಯಂತೆ ಪ್ರತ್ಯೇಕ ಚಾಸಿಯ ಮೇಲೆ ಕೂತ, ಹಿಂದಿನ ಚಕ್ರಕ್ಕೆ ಎಳೆತವಿದ್ದ, ಹೆಚ್ಚಾಗಿ ಡೀಸೆಲ್ ಎಂಜಿನ್ನಿನಲ್ಲಿ ಮಾರಾಟವಾದ ಗಾಡಿ. 2016ರ ಕ್ರಿಸ್ಟಾ ಅದೇ ಹಾದಿಯಲ್ಲಿ ಮುಂದುವರಿಯಿತು. 2022ರ ನವೆಂಬರ್‌ನಲ್ಲಿ ಅನಾವರಣಗೊಂಡ ಹೈಕ್ರಾಸ್‌ನಲ್ಲಿ ಪ್ರತ್ಯೇಕ ಚಾಸಿ ಇಲ್ಲ, ಡೀಸೆಲ್ ಇಲ್ಲ, ಎಳೆತ ಮುಂದಿನ ಚಕ್ರಕ್ಕೆ. ಯಾಂತ್ರಿಕವಾಗಿ ಹಳೆಯ ಇನ್ನೋವಾಕ್ಕೂ ಇದಕ್ಕೂ ಸಂಬಂಧವೇ ಇಲ್ಲವೆನ್ನುವಷ್ಟು ದೂರ. ಆದರೂ ಕಂಪನಿ ಹೆಸರನ್ನು ಕೈಬಿಡಲಿಲ್ಲ. ಕ್ರಿಸ್ಟಾ, ಹೈಕ್ರಾಸ್ ಎರಡನ್ನೂ ಒಂದೇ ಹೆಸರಿನಡಿ ಒಟ್ಟಿಗೆ ಮಾರಿತು. ಹದಿನೇಳು ವರ್ಷಗಳಲ್ಲಿ ಗಳಿಸಿದ ನಂಬಿಕೆ ಎಂಜಿನ್ನಿಗಿಂತ ಹೆಸರಿನಲ್ಲೇ ಹೆಚ್ಚಾಗಿ ಕೂಡಿಕೊಂಡಿತ್ತು.

ಹೀಗೆ ಯಂತ್ರದಿಂದ ಬೇರ್ಪಟ್ಟ ಹೆಸರು ಸ್ವತಂತ್ರ ಆಸ್ತಿಯಾಗುತ್ತದೆ, ಆಸ್ತಿಯಾದ ಮೇಲೆ ಕೋರ್ಟು ಕಚೇರಿಯೂ ತಪ್ಪುವುದಿಲ್ಲ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯ ಕಥೆ ಮೋಟರ್‌ಸೈಕಲ್ಲಿನದಾದರೂ ಇಲ್ಲಿ ಪ್ರಸ್ತುತ. 1961ರಲ್ಲಿ ಜಾವಾ ಹೆಸರಿನಲ್ಲಿ ತಯಾರಿಕೆ ಆರಂಭಿಸಿದ ಕಂಪನಿ 1973ರಿಂದ ಯೆಜ್ಡಿ ಎಂಬ ತನ್ನದೇ ಹೆಸರಿಗೆ ಬದಲಾಯಿತು. 1996ರಲ್ಲಿ ಬಾಗಿಲು ಹಾಕಿತು. ಯಂತ್ರಗಳು ನಿಂತು ಕಾಲು ಶತಮಾನ ಕಳೆದ ಮೇಲೆ, 2022ರ ಜನವರಿಯಲ್ಲಿ, ಬೇರೊಂದು ಕಂಪನಿಯ ಹೊಸ ಬೈಕುಗಳ ಮೇಲೆ ಯೆಜ್ಡಿ ಮರಳಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ, ಹೆಸರು ಮುಚ್ಚಿಹೋದ ಕಂಪನಿಯ ಸ್ವತ್ತು, ಅಧಿಕೃತ ಸಮಾಪಕರ ವಶದಲ್ಲಿರಬೇಕು ಎಂದಿತು. ವಿವಾದ ಮೇಲ್ಮನವಿಯಾಗಿ ವಿಭಾಗೀಯ ಪೀಠದ ಮುಂದೆ ಹೋಯಿತು. ಬೈಕ್ ತಯಾರಿಕೆ ನಿಂತು ವರ್ಷಗಳಾದ ಮೇಲೂ ಹೆಸರು ಬೆಲೆಬಾಳುವ ಆಸ್ತಿಯಾಗಿ ಉಳಿದಿತ್ತು.

ಅಂಕಿಗೂ ಇದೇ ಗತಿ. 1964ರಲ್ಲಿ ಪೋರ್ಷೆ ತನ್ನ 901ನ್ನು 911 ಎಂದು ಬದಲಿಸಿದ್ದು, ನಡುವೆ ಸೊನ್ನೆಯಿರುವ ಮೂರಂಕಿಯ ಹೆಸರುಗಳ ಹಕ್ಕು ಫ್ರಾನ್ಸಿನಲ್ಲಿ ತನ್ನದೆಂದು ಪ್ಯೂಜೊ ತಕರಾರು ತೆಗೆದದ್ದರಿಂದ. ಅರವತ್ತು ವರ್ಷಗಳ ಬಳಿಕ ಮಹೀಂದ್ರಾದ ಬಿಇ 6ಇ ಎಂಬ ವಿದ್ಯುತ್ ಕಾರಿನ ವಿರುದ್ಧ ಇಂಡಿಗೊ ವಿಮಾನಯಾನ ಕಂಪನಿ ದೆಹಲಿ ಹೈಕೋರ್ಟಿಗೆ ಹೋಯಿತು. 6ಇ ಆ ಕಂಪನಿಯ ವಿಮಾನಗಳ ಸಂಕೇತ. 2024ರ ಡಿಸೆಂಬರ್‌ನಲ್ಲಿ ಮಹೀಂದ್ರಾ ಕಾರಿನ ಹೆಸರನ್ನು ಬಿಇ 6ಕ್ಕೆ ಇಳಿಸಿತು.

ಜನರೇ ಹೆಸರು ಕೊಟ್ಟಾಗಲೂ ಶ್ರೇಣಿಯ ಬೇಲಿ ಹಾಗೇ ಉಳಿಯುತ್ತದೆ. 2024ರಲ್ಲಿ ಸ್ಕೋಡಾ ತನ್ನ ಸಣ್ಣ ಎಸ್‌ಯುವಿಗೆ ಹೆಸರು ಸೂಚಿಸಲು ಸಾರ್ವಜನಿಕರನ್ನು ಕೇಳಿತು. ಕಾಸರಗೋಡಿನ ಸ್ಪರ್ಧಿಯೊಬ್ಬರ ಸೂಚನೆಯಾದ ಕೈಲಾಕ್ ಗೆದ್ದಿತು. ಆದರೆ ಷರತ್ತು ಮೊದಲೇ ಇತ್ತು: ಕೋಡಿಯಾಕ್, ಕುಶಾಕ್‌ಗಳಂತೆ ಹೆಸರು ಇಂಗ್ಲಿಷಿನ ಕೆ ಅಕ್ಷರದಿಂದ ಆರಂಭವಾಗಿ ಕ್ಯೂ ಅಕ್ಷರದಲ್ಲಿ ಮುಗಿಯಬೇಕು.

ಇಷ್ಟು ಎಚ್ಚರದಿಂದ ಕಟ್ಟಿದ ಶ್ರೇಣಿ ಬಳಕೆಯಲ್ಲಿ ಏನಾಗುತ್ತದೆ? ನಂಜನಗೂಡು ಮತ್ತು ತಿ. ನರಸೀಪುರಗಳನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 766ರ ಸೀಮೆಯಲ್ಲಿ ಕ್ಯಾಮ್ರಿ ಅಪರೂಪ, ಇನ್ನೋವಾ ಸರ್ವೇಸಾಮಾನ್ಯ. ಅಲ್ಲಿನ ಬಿಳಿಗೆರೆ ಹೋಬಳಿಯಿಂದ ಮದುವೆಗೋ ಧರ್ಮಸ್ಥಳಕ್ಕೋ ಹೊರಡುವ ಕುಟುಂಬ ಟ್ರಾವೆಲ್ಸ್‌ನವರನ್ನು ಕೇಳುವುದು "ಇನ್ನೋವಾ ಆದ್ರೆ ಕಿಲೋಮೀಟ್ರಿಗೆ ಎಷ್ಟು, ಡಿಜೈರ್ ಆದ್ರೆ ಎಷ್ಟು?" ಎಂದು. ಕ್ರಿಸ್ಟಾ, ಹೈಕ್ರಾಸ್ ಎಂಬ ಬಾಲಗಳು ಆರ್‌ಸಿಯಲ್ಲಿ ಉಳಿದು ಮಾತಿನಲ್ಲಿ ಉದುರುತ್ತವೆ. ಅದೇ ರಸ್ತೆಯಲ್ಲಿ ತರಕಾರಿ ಹೊರುವ ಸಣ್ಣ ಲಾರಿಗೆ, ಅದು ಯಾವ ಕಂಪನಿಯದೇ ಆಗಲಿ, ಟೆಂಪೋ ಎನ್ನುವುದೇ ರೂಢಿ. ಜರ್ಮನಿಯ ಹ್ಯಾಂಬರ್ಗ್‌ನಿಂದ ಬಂದ ಆ ಹೆಸರನ್ನು ಬಜಾಜ್ ಟೆಂಪೋ ಕಂಪನಿ 2005ರಲ್ಲಿ ಫೋರ್ಸ್ ಮೋಟರ್ಸ್ ಆದಾಗಲೇ ಕೈಬಿಟ್ಟಿದೆ. ಆದ್ದರಿಂದ ಮಾದರಿ ಹೆಸರುಗಳ ಅಧ್ಯಯನಕ್ಕೆ ಶೋರೂಮಿನ ಕೈಪಿಡಿ ಮತ್ತು ಟ್ರೇಡ್‌ಮಾರ್ಕ್ ದಾಖಲೆಗಳ ಜೊತೆಗೆ ಟ್ರಾವೆಲ್ಸ್‌ನವರ ದರಪಟ್ಟಿಯನ್ನೂ ಆಕರವಾಗಿ ಪರಿಗಣಿಸಬೇಕಾಗುತ್ತದೆ. ಕಂಪನಿ ಹಾಕಿದ ಹತ್ತಾರು ಮೆಟ್ಟಿಲುಗಳು ಅಲ್ಲಿ ಎರಡು ಮೂರು ಸಾಲಿಗೆ ಇಳಿದಿವೆ, ಪ್ರತಿ ಸಾಲಿಗೂ ಕಿಲೋಮೀಟರಿನ ಲೆಕ್ಕದಲ್ಲಿ ಒಂದೊಂದು ಬಾಡಿಗೆ ಗೊತ್ತಾಗಿದೆ.