ಮೂಲವರ್ಗ, ಸಾಧಿತವರ್ಗ ಮತ್ತು ಕಲಬುರಗಿ ಸೀಮೆಯ ಕನ್ನಡ

ಕನ್ನಡ ವ್ಯಾಕರಣಗಳು ಧಾತುಗಳನ್ನು ಮೂಲ, ಸಾಧಿತ ಎಂದು ವಿಂಗಡಿಸುತ್ತ ಬಂದಿವೆ. ಇದೇ ಜೋಡಿ ಗಣಕಭಾಷೆಗಳಲ್ಲಿಯೂ ಕಾಣುತ್ತದೆ. ಒಂದು ವರ್ಗವು ಇನ್ನೊಂದರ ಗುಣಗಳನ್ನು ಆನುವಂಶಿಕವಾಗಿ ಪಡೆಯುವ ಏರ್ಪಾಡನ್ನು ನಾರ್ವೆಯ ಡಾಲ್ ಮತ್ತು ನೀಗಾರ್ಡ್ 1967ರ ಸಿಮ್ಯುಲಾ ಭಾಷೆಯಲ್ಲಿ ರೂಪಿಸಿದರು. ಸಿ ಪ್ಲಸ್ ಪ್ಲಸ್‌ನ ಕರ್ತೃ ಸ್ಟ್ರೌಸ್ಟ್ರಪ್ ಅವಕ್ಕೆ ಬೇಸ್, ಡಿರೈವ್ಡ್ ಎಂದು ಹೆಸರಿಟ್ಟರು. ನಾವು ಮೂಲವರ್ಗ, ಸಾಧಿತವರ್ಗ ಎನ್ನುತ್ತೇವೆ. ಸಾಧಿತವರ್ಗವು ಪಡೆದದ್ದಕ್ಕೆ ಹೊಸತನ್ನು ಸೇರಿಸಬಹುದು, ಪಡೆದದ್ದನ್ನು ಬದಲಿಸಲೂಬಹುದು. ಉತ್ಸರ್ಗವನ್ನು ಅಪವಾದವು ಬಾಧಿಸುವ ಪಾಣಿನೀಯ ಕ್ರಮವನ್ನು ಬಲ್ಲವರಿಗೆ ಇದು ಅಪರಿಚಿತವಲ್ಲ. ಆದರೆ ಗಣಕದಲ್ಲಿ ಯಾವುದು ಮೂಲವೆಂಬುದನ್ನು ಬರೆದವನೇ ಘೋಷಿಸುತ್ತಾನೆ. ನುಡಿಯಲ್ಲಿ ಅದನ್ನು ಚರಿತ್ರೆಯಿಂದ ಸಾಧಿಸಬೇಕು.

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಆಡುನುಡಿಯ ವಿಷಯದಲ್ಲಿ ಈ ಸಾಧನೆ ನಡೆಯದೆಯೇ ಘೋಷಣೆ ನಡೆದಿದೆ. 1956ರ ನವೆಂಬರ್ 1ರಂದು ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಪಠ್ಯಪುಸ್ತಕದ ಕನ್ನಡವೇ ಮೂಲವರ್ಗವೆಂದೂ ಮನೆಯ ನುಡಿ ಅದರ ಕೆಟ್ಟ ಸಾಧಿತವೆಂದೂ ಭಾವಿಸುವ ಶಿಕ್ಷಕನು ಮಗುವಿನ 'ಹೊಲದಾಗ' ಎಂಬುದನ್ನು ತಪ್ಪೆಂದು ತಿದ್ದುತ್ತಾನೆ.

ಸಾಕ್ಷ್ಯವನ್ನು ನೋಡೋಣ. 'ಮನೆ' ಎಂಬುದು 'ಮನಿ' ಆಗುವಲ್ಲಿ ಪದಾಂತ್ಯದ ಎಕಾರಕ್ಕೆ ಇಕಾರ ಬಂದಿದೆ. ಇದೊಂದನ್ನೇ ನೋಡಿದರೆ ಮೇಲಿನ ಭಾವನೆಯೂ ಒಪ್ಪುವಂಥದೇ. 'ಹೊಲದಾಗ', 'ಮನ್ಯಾಗ' ಎಂಬಲ್ಲಿ ಅದು ನಿಲ್ಲುವುದಿಲ್ಲ. 'ಅಲ್ಲಿ' ಎಂಬುದು 'ಆಗ' ಆಗುವ ಧ್ವನಿನಿಯಮ ಕನ್ನಡದಲ್ಲಿಲ್ಲ. ಹದಿಮೂರನೆಯ ಶತಮಾನದ ಕೇಶಿರಾಜನು ಸಪ್ತಮಿಗೆ ಹೇಳುವ ಪ್ರತ್ಯಯ 'ಒಳ್'. ಶಿಷ್ಟ ಕನ್ನಡವು ಅದರ ಸ್ಥಾನದಲ್ಲಿ 'ಅಲ್ಲಿ'ಯನ್ನಿಟ್ಟಿತು, ಈ ಸೀಮೆ 'ಆಗ'ವನ್ನಿಟ್ಟಿತು. 'ಆಗ'ವು 'ಒಳಗೆ' ಎಂಬುದು ಸವೆದು ಆದದ್ದೆಂದರೆ ನಮ್ಮ ವಾದ ಇನ್ನಷ್ಟು ಬಲಗೊಳ್ಳುತ್ತದೆ: ಆಗ ಹಳೆಯದನ್ನು ಉಳಿಸಿಕೊಂಡದ್ದು ಹೊಲದ ನುಡಿ, ಬದಲಿಸಿದ್ದು ಪುಸ್ತಕದ ನುಡಿ. ಹೇಗಾದರೂ ಇವೆರಡೂ ಒಂದೇ ಮೂಲವರ್ಗದ ಎರಡು ಸಾಧಿತಗಳು, ಒಡಹುಟ್ಟುಗಳು.

ಶಿಷ್ಟತೆಯ ನೆಲೆಯೂ ಸ್ಥಿರವಾಗಿಲ್ಲ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಮೂಡಿದ್ದು ಮಾನ್ಯಖೇಟದ ಆಸ್ಥಾನದಲ್ಲಿ, ಎಂದರೆ ಇದೇ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ. ಆದರೂ ಅದು ತಿರುಳ್ಗನ್ನಡವೆಂದು ಗುರುತಿಸುವುದು ಕಿಸುವೊಳಲ್, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವಣ ನುಡಿಯನ್ನು. ರಾಜಧಾನಿ ತನ್ನ ಊರನ್ನೇ ಮೂಲವೆನ್ನಲಿಲ್ಲ. ಮೈಸೂರಂತೂ ಆ ಎಲ್ಲೆಯೊಳಗೆ ಬರುವುದೇ ಇಲ್ಲ.

ಶ್ಲೈಖರನು 1853ರಲ್ಲಿ ಮುಂದಿಟ್ಟ ವಂಶವೃಕ್ಷದಲ್ಲಿ ಪ್ರತಿ ನುಡಿಗೂ ಒಂದೇ ತಾಯಿ. 1872ರಲ್ಲಿ ಶ್ಮಿಟ್ಟನ ಅಲೆಸಿದ್ಧಾಂತ ಇದನ್ನು ಪ್ರಶ್ನಿಸಿತು. ಸಿ ಪ್ಲಸ್ ಪ್ಲಸ್ ಕೂಡ 1989ರಲ್ಲಿ ಒಂದಕ್ಕಿಂತ ಹೆಚ್ಚು ಮೂಲವರ್ಗಗಳಿಗೆ ಅವಕಾಶವಿತ್ತಿತು. ನಮ್ಮ ಮೂರು ತಾಲೂಕುಗಳಿಗೆ ಈ ಎರಡನೆಯ ಮಾದರಿಯೇ ಹತ್ತಿರ, ಶಬ್ದಕೋಶದ ಮಟ್ಟಿಗಾದರೂ. ಆಳಂದ, ಅಫಜಲಪುರಗಳಿಗೆ ಮಹಾರಾಷ್ಟ್ರ ನೆರೆ; ಗಾಣಗಾಪುರದ ದತ್ತಕ್ಷೇತ್ರಕ್ಕೆ ಮರಾಠಿ ಯಾತ್ರಿಕರು ಇಂದಿಗೂ ಬರುತ್ತಾರೆ. ಕಲಬುರಗಿಯೋ 1347ರಿಂದ ಬಹಮನಿ ರಾಜಧಾನಿ, ದಖನಿಯ ತೊಟ್ಟಿಲು. ಹೀಗೆ 'ಖರೇ' ಮರಾಠಿಯಿಂದಲೂ 'ಜಲ್ದಿ' ದಖನಿಯಿಂದಲೂ ಬಂದವು. ವಿಭಕ್ತಿ ಮಾತ್ರ ಕನ್ನಡದ್ದೇ.

ಆ ವಿಭಕ್ತಿಯ ಹರಹು ಆಡಳಿತದ ಗಡಿಗೆ ಸಿಗುವುದಿಲ್ಲ. ಜೇವರ್ಗಿ 1948ರವರೆಗೆ ನಿಜಾಮರದು. ನೆರೆಯ ಸಿಂದಗಿ ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಯದು. ಒಂದೆಡೆ ಕಚೇರಿಯ ಭಾಷೆ ಉರ್ದು, ಇನ್ನೊಂದೆಡೆ ಇಂಗ್ಲಿಷು. ಹೊಲಕ್ಕೆ ಹೋದವನು ಎರಡೂ ಕಡೆ 'ಹೊಲದಾಗ'ಲೇ ಇದ್ದ.