ಚಲಕಗಳ ಗುಂಪು: ಕಡತದ ಸ್ಥಾನದಿಂದ ಅರ್ಥದವರೆಗೆ

ಭಾರತದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯು 2019–21ರ ಅವಧಿಯಲ್ಲಿ 7,24,115 ಮಹಿಳೆಯರನ್ನು ಸಂದರ್ಶಿಸಿತು. ಆ ಸಂದರ್ಶನಗಳಿಂದ ರೂಪುಗೊಂಡ ಕಡತದಲ್ಲಿ ಒಬ್ಬೊಬ್ಬರಿಗೆ ಒಂದೊಂದು ಸಾಲು, ದಾಖಲಾದ ಒಂದೊಂದು ಸಂಗತಿಗೆ ಒಂದೊಂದು ಕಾಲಂ ಇದ್ದು, ಹೀಗೆ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗುವ ಬೆಲೆಯನ್ನು ಹಿಡಿದಿಡುವ ಕಾಲಂಗೆ ಸಂಖ್ಯಾಶಾಸ್ತ್ರದಲ್ಲಿ ಚಲಕವೆಂದು ಹೆಸರು. ಈ ಕಡತದಲ್ಲಿ ಚಲಕಗಳು ಸಾವಿರಗಟ್ಟಲೆ ಇವೆಯಾದರೂ ಒಂದು ಪ್ರಬಂಧಕ್ಕೆ ಬೇಕಾಗುವುದು ಕೆಲವು ಮಾತ್ರ, ಮತ್ತು ಆ ಕೆಲವು ಕೂಡ ಗುಂಪಾಗಿಯೇ ಬೇಕಾಗುತ್ತವೆ. ವಯಸ್ಸು, ವಾಸಸ್ಥಳ, ವಿದ್ಯಾಭ್ಯಾಸ, ಸಂಪತ್ತಿನ ಸೂಚ್ಯಂಕ ಎಂಬ ಹಿನ್ನೆಲೆಯ ಗುಂಪು ಮೊದಲ ಕೋಷ್ಟಕದಲ್ಲಿ ಕಾಣಿಸಿಕೊಂಡು, ಆಮೇಲೆ ಪ್ರತಿಯೊಂದು ರಿಗ್ರೆಷನ್‌ನಲ್ಲಿ, ಅಂದರೆ ಒಂದು ಫಲಿತಾಂಶವನ್ನು ಹಲವು ಚಲಕಗಳ ಮೂಲಕ ವಿವರಿಸುವ ಸಮೀಕರಣದಲ್ಲಿ, ಮರಳಿ ಮರಳಿ ಬರುತ್ತದೆ.

ಇಂಥ ಗುಂಪನ್ನು ಒಮ್ಮೆ ಹೇಳಿ ಹಲವೆಡೆ ಬಳಸುವ ಉಪಾಯಗಳು ಸಂಖ್ಯಾಶಾಸ್ತ್ರದ ತಂತ್ರಾಂಶಗಳಲ್ಲಿ ಅರ್ಧ ಶತಮಾನದಿಂದ ಬೆಳೆದುಬಂದಿವೆ. ಟೈಪಿಂಗ್ ಶ್ರಮವನ್ನು ತಗ್ಗಿಸುವ ಅನುಕೂಲಗಳೆಂದೇ ಅವು ಹುಟ್ಟಿದವು. ಆದರೆ ಯಾವ ಚಲಕಗಳು ಒಟ್ಟಿಗೆ ನಿಲ್ಲಬೇಕೆಂಬುದು ಸಂಶೋಧನೆಯ ನಿರ್ಣಯವಾಗಿರುವುದರಿಂದ, ಆ ನಿರ್ಣಯವನ್ನು ಎಲ್ಲಿ ಮತ್ತು ಹೇಗೆ ಬರೆದಿಡಲಾಗುತ್ತದೆ ಎಂಬುದರ ಮೇಲೆ ಫಲಿತಾಂಶದ ವಿಶ್ವಾಸಾರ್ಹತೆಯೂ ನಿಂತಿದೆ. ಈ ದೃಷ್ಟಿಯಿಂದ ನೋಡಿದಾಗ ಗುಂಪಿನ ಗುರುತು ಕಡತದಲ್ಲಿನ ಸ್ಥಾನದಿಂದ ಹೆಸರಿಗೆ, ಹೆಸರಿನಿಂದ ಗುಣಕ್ಕೆ, ಗುಣದಿಂದ ಅರ್ಥಕ್ಕೆ ಸಾಗಿರುವುದು ಕಂಡುಬರುತ್ತದೆ.

ಸ್ಥಾನವೇ ಗುರುತಾಗಿದ್ದ ಕಾಲ

ನಾರ್ಮನ್ ನೈ, ಹ್ಯಾಡ್ಲೈ ಹಲ್ ಮತ್ತು ಡೇಲ್ ಬೆಂಟ್ ಅವರು 1968ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಸ್‌ಪಿಎಸ್‌ಎಸ್ ತಂತ್ರಾಂಶವನ್ನು ರೂಪಿಸಿದಾಗ ಆಜ್ಞೆಗಳೂ ದತ್ತಾಂಶವೂ ರಂಧ್ರಿತ ಕಾರ್ಡುಗಳ ಮೇಲಿದ್ದವು. ಅಂಥ ಪರಿಸರದಲ್ಲಿ ನೂರು ಹೆಸರುಗಳ ಪಟ್ಟಿಯೆಂದರೆ ಕಾರ್ಡುಗಳ ಕಟ್ಟೇ ಆಗುತ್ತಿದ್ದುದರಿಂದ, ಮೊದಲ ಮತ್ತು ಕೊನೆಯ ಚಲಕಗಳ ನಡುವೆ ‘ಟು’ ಎಂಬ ಪದವನ್ನಿಟ್ಟು ಇಡೀ ಸಾಲನ್ನು ಸೂಚಿಸುವ ಪದ್ಧತಿ ಸಹಜವಾಗಿಯೇ ಬಳಕೆಗೆ ಬಂತು. ಕುಟುಂಬ ಆರೋಗ್ಯ ಸಮೀಕ್ಷೆಯ ಕಡತದಲ್ಲಿ ವಿ119ರಿಂದ ವಿ125ರವರೆಗಿನ ಚಲಕಗಳು ಮನೆಯಲ್ಲಿ ವಿದ್ಯುತ್, ರೇಡಿಯೊ, ಟೆಲಿವಿಷನ್, ರೆಫ್ರಿಜರೇಟರ್, ಸೈಕಲ್, ಮೋಟಾರ್‌ಸೈಕಲ್ ಮತ್ತು ಕಾರು ಇವೆಯೇ ಎಂಬುದನ್ನು ಅದೇ ಅನುಕ್ರಮದಲ್ಲಿ ದಾಖಲಿಸುತ್ತವೆ. ‘ವಿ119 ಟು ವಿ125’ ಎಂದರೆ ಈ ಏಳೂ ಒಟ್ಟಿಗೆ ಬರುತ್ತವೆ.

ಉತ್ತರ ಕೆರೊಲಿನಾ ರಾಜ್ಯ ವಿಶ್ವವಿದ್ಯಾಲಯದಲ್ಲಿ ಮೊಳೆತು 1976ರಲ್ಲಿ ಸ್ವತಂತ್ರ ಸಂಸ್ಥೆಯ ಉತ್ಪನ್ನವಾದ ಸ್ಯಾಸ್, ಈ ವಿಚಾರವನ್ನು ಇನ್ನಷ್ಟು ಸೂಕ್ಷ್ಮಗೊಳಿಸಿತು. ಅದರಲ್ಲಿ ಒಂದೇ ಅಡ್ಡಗೆರೆ ಸಂಖ್ಯಾನುಕ್ರಮವನ್ನು ಸೂಚಿಸಿದರೆ, ಜೋಡಿ ಅಡ್ಡಗೆರೆ ಕಡತದಲ್ಲಿನ ಸ್ಥಾನಾನುಕ್ರಮವನ್ನು ಸೂಚಿಸುತ್ತದೆ. ಹೆಸರಿನ ಆರಂಭದ ಅಕ್ಷರಗಳ ನಂತರ ಕೋಲನ್ ಚಿಹ್ನೆಯನ್ನಿಟ್ಟರೆ ಹಾಗೆ ಆರಂಭವಾಗುವ ಎಲ್ಲ ಚಲಕಗಳೂ ಆಯ್ಕೆಯಾಗುತ್ತವೆ. ಮಹಿಳೆಯೊಬ್ಬಳ ಪ್ರತಿ ಮಗುವಿನ ಜನ್ಮ ದಿನಾಂಕವನ್ನು ಹೇಳುವ ಬಿ3_01ರಿಂದ ಬಿ3_20ರವರೆಗಿನ ಇಪ್ಪತ್ತು ಚಲಕಗಳಿಗೆ ಈ ಸೌಲಭ್ಯ ಹೇಳಿಮಾಡಿಸಿದಂತಿದೆ. ಜೊತೆಗೆ ಸ್ಯಾಸ್‌ನ ‘ಅರೇ’ ಎಂಬ ಆಜ್ಞೆಯು ಕೆಲವು ಚಲಕಗಳಿಗೆ ತಾತ್ಕಾಲಿಕವಾಗಿ ಒಂದು ಸಾಮೂಹಿಕ ಹೆಸರನ್ನು ಕೊಟ್ಟು, ಅವುಗಳ ಮೇಲೆ ಒಂದೇ ಕ್ರಿಯೆಯನ್ನು ಸರದಿಯಂತೆ ನಡೆಸಲು ಅವಕಾಶ ಮಾಡಿತು. ಎಸ್‌ಪಿಎಸ್‌ಎಸ್‌ನ ‘ಡು ರಿಪೀಟ್’ ಕೂಡ ಇದೇ ಉದ್ದೇಶದ್ದು.

ಸ್ಥಾನವನ್ನು ನಂಬಿದ ಪಟ್ಟಿಯಲ್ಲಿ ಒಂದು ಅಪಾಯ ಅಡಗಿದೆ. ಯಾರಾದರೂ ಹೊಸ ಚಲಕವೊಂದನ್ನು ವಿ121ರ ಪಕ್ಕದಲ್ಲಿ ಇರಿಸಿದರೆ ಅದು ಆಸ್ತಿಗಳ ಗುಂಪಿನೊಳಗೆ ಸದ್ದಿಲ್ಲದೆ ಸೇರಿಕೊಳ್ಳುತ್ತದೆ, ವಿ123ನ್ನು ಕಡತದ ಕೊನೆಗೆ ಸರಿಸಿದರೆ ಸೈಕಲ್ ಗುಂಪಿನಿಂದ ಬಿಟ್ಟುಹೋಗುತ್ತದೆ, ಮತ್ತು ಎರಡೂ ಸಂದರ್ಭಗಳಲ್ಲಿ ತಂತ್ರಾಂಶವು ಯಾವ ಎಚ್ಚರಿಕೆಯನ್ನೂ ಕೊಡದೆ ಉತ್ತರವನ್ನು ಮುದ್ರಿಸುತ್ತದೆ.

ಪಟ್ಟಿಗೆ ಹೆಸರು ಬಂದದ್ದು

ಎರಡನೆಯ ಹಂತದಲ್ಲಿ ಪಟ್ಟಿಗೇ ಹೆಸರಿಡುವ ಕ್ರಮ ಬಂತು. ಮ್ಯಾಕ್ರೊ ಎಂದರೆ ಒಂದು ಪಠ್ಯಕ್ಕೆ ಕೊಟ್ಟ ಚಿಕ್ಕ ಹೆಸರು. ಆಜ್ಞೆ ನಡೆಯುವ ಮೊದಲು ತಂತ್ರಾಂಶವು ಆ ಹೆಸರಿದ್ದ ಜಾಗದಲ್ಲಿ ಪೂರ್ಣ ಪಠ್ಯವನ್ನು ತುಂಬಿಕೊಳ್ಳುತ್ತದೆ. ಸ್ಯಾಸ್ ಮತ್ತು ಎಸ್‌ಪಿಎಸ್‌ಎಸ್ ಎರಡೂ ಮ್ಯಾಕ್ರೊ ಭಾಷೆಗಳನ್ನು ಬೆಳೆಸಿಕೊಂಡವಾದರೂ, ಗುಂಪುಗಳ ಮರುಬಳಕೆಯನ್ನು ದಿನನಿತ್ಯದ ರೂಢಿಯಾಗಿಸಿದ್ದರಲ್ಲಿ ವಿಲಿಯಂ ಗೌಲ್ಡ್ ಅವರು 1985ರಲ್ಲಿ ಹೊರತಂದ ಸ್ಟೇಟಾದ ಪಾಲು ದೊಡ್ಡದು. ಅದರಲ್ಲಿ ಲೋಕಲ್ ಮ್ಯಾಕ್ರೊವೊಂದಕ್ಕೆ ‘ಹಿನ್ನೆಲೆ’ ಎಂಬರ್ಥದ ಹೆಸರಿಟ್ಟು, ಅದರೊಳಗೆ ವಿ012, ವಿ025, ವಿ106, ವಿ190 ಎಂದು ಒಮ್ಮೆ ಬರೆದರೆ ಸಾಕು. ಮುಂದಿನ ಪ್ರತಿ ಮಾದರಿಯಲ್ಲೂ ಆ ಹೆಸರೇ ವಯಸ್ಸು, ನಗರ ಅಥವಾ ಗ್ರಾಮ, ವಿದ್ಯಾಭ್ಯಾಸದ ಮಟ್ಟ ಮತ್ತು ಸಂಪತ್ತಿನ ಸೂಚ್ಯಂಕವನ್ನು ತರುತ್ತದೆ. ನಾಳೆ ಇನ್ನೊಂದು ಚಲಕ ಬೇಕೆನಿಸಿದರೆ ತಿದ್ದುಪಡಿ ಒಂದೇ ಸಾಲಿನಲ್ಲಿ ಮುಗಿಯುತ್ತದೆ. ಏಳನೆಯ ಆವೃತ್ತಿಯಲ್ಲಿ ‘ಫಾರ್‌ಈಚ್’ ಎಂಬ ಆವರ್ತನದ ಆಜ್ಞೆ ಸೇರಿದ ಮೇಲೆ, ಗುಂಪಿನ ಪ್ರತಿ ಸದಸ್ಯನಿಗೂ ಒಂದೇ ಕ್ರಿಯೆಯನ್ನು ಅನ್ವಯಿಸುವುದೂ ಸರಳವಾಯಿತು.

ಈ ಹಂತದ ದೋಷವನ್ನು ಹತ್ತಿರದಿಂದ ನೋಡುವುದು ಅಗತ್ಯ. ಸ್ಟೇಟಾದಲ್ಲಿ ಎಂದೂ ಸೃಷ್ಟಿಸದ ಮ್ಯಾಕ್ರೊವನ್ನು ಕರೆದರೆ ಅದು ದೋಷವೆನಿಸುವುದಿಲ್ಲ, ಅದರ ಜಾಗ ಖಾಲಿಯಾಗಿ ಉಳಿಯುತ್ತದೆ. ಆದ್ದರಿಂದ ಗುಂಪಿನ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ಹಿನ್ನೆಲೆಯ ನಾಲ್ಕೂ ಚಲಕಗಳು ಮಾಯವಾಗಿ, ರಿಗ್ರೆಷನ್ ಮಾತ್ರ ಸುಸೂತ್ರವಾಗಿ ನಡೆದು, ಹೊಂದಾಣಿಕೆಯಿಲ್ಲದ ಅಂದಾಜು ಹೊಂದಾಣಿಕೆ ಮಾಡಿದ ಅಂದಾಜಿನ ವೇಷದಲ್ಲಿ ಹೊರಬರುತ್ತದೆ. ಆಜ್ಞೆಗಳ ಕಡತದಲ್ಲಿ ಕೆಲವೇ ಸಾಲುಗಳನ್ನು ಗುರುತಿಸಿ ನಡೆಸಿದಾಗಲೂ ಇದೇ ಆಗುತ್ತದೆ. ಲೋಕಲ್ ಮ್ಯಾಕ್ರೊ ಆ ಒಂದು ಓಟಕ್ಕಷ್ಟೇ ಬದುಕುವುದರಿಂದ, ಅದನ್ನು ಸೃಷ್ಟಿಸಿದ ಸಾಲು ಆಯ್ಕೆಯಲ್ಲಿ ಇಲ್ಲದಿದ್ದರೆ ಗುಂಪೂ ಇಲ್ಲ. ಇದಕ್ಕೆ ಪರಿಹಾರವೆಂದು ಗ್ಲೋಬಲ್ ಮ್ಯಾಕ್ರೊವನ್ನು ಬಳಸಿದರೆ ಸಮಸ್ಯೆ ತಿರುಗುಮುರುಗಾಗುತ್ತದೆ, ಏಕೆಂದರೆ ಅದು ಇಡೀ ಅಧಿವೇಶನದುದ್ದಕ್ಕೂ ಉಳಿದು, ಬೆಳಗ್ಗೆ ಮತ್ತೊಂದು ಅಧ್ಯಯನಕ್ಕೆಂದು ಕಟ್ಟಿದ ಪಟ್ಟಿಯನ್ನು ಮಧ್ಯಾಹ್ನದ ಮಾದರಿಯೊಳಗೆ ತಂದುಹಾಕಬಲ್ಲದು.

ಗುಂಪುಗಳ ಬೀಜಗಣಿತ

ಇದೇ ಕಾಲದಲ್ಲಿ ಇನ್ನೊಂದು ಧಾರೆ ಕೃಷಿ ಪ್ರಯೋಗಗಳ ವಿಶ್ಲೇಷಣೆಯಿಂದ ಹರಿದುಬಂತು. ಗ್ರಹಾಂ ವಿಲ್ಕಿನ್ಸನ್ ಮತ್ತು ರೋಜರ್ಸ್ 1973ರಲ್ಲಿ ಪ್ರಕಟಿಸಿದ ಸಂಕೇತಪದ್ಧತಿಯು ಮಾದರಿಯನ್ನು ಪಟ್ಟಿಯಾಗಿ ಕಾಣದೆ ಬೀಜೋಕ್ತಿಯಾಗಿ ಕಂಡಿತು. ಎರಡು ಅಂಶಗಳ ನಡುವೆ ನಕ್ಷತ್ರಚಿಹ್ನೆಯನ್ನಿಟ್ಟರೆ ಅವುಗಳ ಪ್ರತ್ಯೇಕ ಪರಿಣಾಮಗಳೂ ಪರಸ್ಪರ ಪರಿಣಾಮವೂ, ಎಂದರೆ ಒಂದರ ಪ್ರಭಾವ ಇನ್ನೊಂದರ ಮಟ್ಟಕ್ಕೆ ತಕ್ಕಂತೆ ಬದಲಾಗುವಿಕೆಯೂ, ತಾವಾಗಿ ವಿಸ್ತರಿಸಿಕೊಳ್ಳುತ್ತವೆ. ಆವರಣದೊಳಗಿನ ಇಡೀ ಗುಂಪನ್ನು ಇನ್ನೊಂದು ಚಲಕದೊಡನೆ ಗುಣಿಸಬಹುದು. ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಬೆಳೆದ ಜೆನ್‌ಸ್ಟಾಟ್ ತಂತ್ರಾಂಶವು ಈ ಪದ್ಧತಿಯನ್ನು ಬಳಸಿತು. ಬೆಲ್ ಪ್ರಯೋಗಾಲಯದ ಎಸ್ ಭಾಷೆಯಲ್ಲಿ ಮಾದರಿಗಳ ಸೌಲಭ್ಯವನ್ನು ವಿವರಿಸಿ ಜಾನ್ ಚೇಂಬರ್ಸ್ ಮತ್ತು ಟ್ರೆವರ್ ಹೇಸ್ಟಿ 1992ರಲ್ಲಿ ಹೊರತಂದ ಸಂಪುಟದ ಮೂಲಕ ಅದು ವ್ಯಾಪಕವಾಗಿ, ಆಕ್ಲೆಂಡ್‌ನಲ್ಲಿ ರಾಸ್ ಇಹಾಕಾ ಮತ್ತು ರಾಬರ್ಟ್ ಜೆಂಟಲ್‌ಮನ್ ಕಟ್ಟಿದ ಆರ್ ಭಾಷೆಗೆ ಆನುವಂಶಿಕವಾಗಿ ಬಂತು.

ಆರ್‌ನಲ್ಲಿ ಸೂತ್ರವು ಪಠ್ಯವಾಗಿರದೆ ಸ್ವತಃ ಒಂದು ವಸ್ತುವಾಗಿರುವುದು ಇಲ್ಲಿ ಮುಖ್ಯವಾದ ಹೆಜ್ಜೆ. ಚಲಕಗಳ ಹೆಸರುಗಳನ್ನು ಒಂದು ಸದಿಶದಲ್ಲಿ, ಅಂದರೆ ಬೆಲೆಗಳ ಅನುಕ್ರಮದಲ್ಲಿ, ಇಟ್ಟುಕೊಂಡು ಅದರಿಂದ ಸೂತ್ರವನ್ನು ಕಟ್ಟಬಹುದು, ಕಟ್ಟಿದ ಸೂತ್ರವನ್ನು ಪರೀಕ್ಷಿಸಬಹುದು, ತಿದ್ದಬಹುದು, ಇನ್ನೊಂದು ಕಾರ್ಯಕ್ಕೆ ಒಪ್ಪಿಸಬಹುದು. ಇಲ್ಲದ ಹೆಸರನ್ನು ಕರೆದರೆ ಆರ್ ಕೆಲಸವನ್ನು ನಿಲ್ಲಿಸಿ ದೋಷವನ್ನು ಸಾರುತ್ತದೆ. ಸ್ಟೇಟಾ ಕೂಡ 2009ರ ಹನ್ನೊಂದನೆಯ ಆವೃತ್ತಿಯಲ್ಲಿ ತನ್ನದೇ ಸಂಕೇತಗಳನ್ನು ತಂದು, ವರ್ಗೀಕೃತ ಚಲಕಗಳ ಪ್ರತಿ ಮಟ್ಟಕ್ಕೂ ಸೂಚಕ ಕಾಲಂ ಸೃಷ್ಟಿಸಿಡುವ ಹಳೆಯ ಕ್ರಮವನ್ನು ಬಹುಮಟ್ಟಿಗೆ ಅನಗತ್ಯವಾಗಿಸಿತು.

ಗುಂಪುಗಳು ಲೆಕ್ಕಾಚಾರದ ವಸ್ತುಗಳಾದಾಗ ಕೇಳಬಹುದಾದ ಪ್ರಶ್ನೆಗಳೂ ಹಿಗ್ಗಿದವು. ದೇಶಗಳ ಆರ್ಥಿಕ ಬೆಳವಣಿಗೆಯನ್ನು ಕುರಿತು ಕ್ಸೇವಿಯರ್ ಸಾಲಾ-ಇ-ಮಾರ್ಟಿನ್ 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರು ಚಲಕಗಳು ಎಲ್ಲ ಮಾದರಿಗಳಲ್ಲೂ ಸ್ಥಿರವಾಗಿದ್ದವು. ಪರೀಕ್ಷೆಗೊಳಗಾದ ಪ್ರತಿ ಚಲಕಕ್ಕೂ ಉಳಿದ 58ರಿಂದ ಮೂರು ಮೂರನ್ನು ಆಯ್ದು 30,856 ಸಮೀಕರಣಗಳನ್ನು ಅಂದಾಜಿಸಲಾಯಿತು. ಸ್ಥಿರ ಗುಂಪು, ಪರೀಕ್ಷೆಯ ಚಲಕ, ಬದಲಾಗುವ ಗುಂಪು ಎಂಬ ವಿಂಗಡಣೆಯೇ ಇಲ್ಲಿ ಸಂಶೋಧನೆಯ ವಿನ್ಯಾಸ. ಪಟ್ಟಿಗಳನ್ನು ಕೈಯಾರೆ ಬರೆಯುವ ಕ್ರಮದಲ್ಲಿ ಇಂಥ ವಿನ್ಯಾಸ ಊಹೆಗೂ ನಿಲುಕದು.

ಗುಣವನ್ನು ನೋಡಿ ಆಯ್ಕೆ

ಮೂರನೆಯ ಹಂತದಲ್ಲಿ ಗುಂಪನ್ನು ಎಣಿಸಿ ಹೇಳದೆ ನಿಯಮದಿಂದ ಹೇಳುವ ಕ್ರಮ ಬೆಳೆಯಿತು. ಆರ್‌ನಲ್ಲಿ 2014ರಲ್ಲಿ ಬಂದ ಡಿಪ್ಲೈಆರ್ ಎಂಬ ಪ್ಯಾಕೇಜು ಇಂಥ ಅಕ್ಷರಗಳಿಂದ ಆರಂಭವಾಗುವ, ಇಂಥವುಗಳಿಂದ ಕೊನೆಗೊಳ್ಳುವ, ಇಂಥ ಮಾದರಿಗೆ ಹೊಂದುವ ಚಲಕಗಳೆಂದು ಕೇಳುವುದನ್ನು ಸುಲಭಗೊಳಿಸಿತು. 2020ರ ಅದರ 1.0.0 ಆವೃತ್ತಿಯ ‘ಅಕ್ರಾಸ್’ ಕಾರ್ಯವು ಹಾಗೆ ಆಯ್ದ ಗುಂಪಿನ ಮೇಲೆ ಒಂದೇ ರೂಪಾಂತರವನ್ನು ಏಕಕಾಲಕ್ಕೆ ನಡೆಸುತ್ತದೆ. ಈ ಬಳಗದ ಎರಡು ಪುಟ್ಟ ಸಹಾಯಕಗಳಲ್ಲಿ ‘ಆಲ್ ಆಫ್’ ಎಂಬುದು ಪಟ್ಟಿಯ ಒಂದು ಚಲಕ ಇಲ್ಲದಿದ್ದರೂ ಕೆಲಸ ನಿಲ್ಲಿಸುತ್ತದೆ, ‘ಎನಿ ಆಫ್’ ಎಂಬುದು ಇದ್ದಷ್ಟನ್ನು ತೆಗೆದುಕೊಂಡು ಮುಂದುವರಿಯುತ್ತದೆ. ಕಟ್ಟುನಿಟ್ಟು ಬೇಕೋ ಸಡಿಲಿಕೆ ಬೇಕೋ ಎಂಬುದನ್ನು ವಿಶ್ಲೇಷಕರು ಬರಹದಲ್ಲೇ ಘೋಷಿಸಬೇಕಾಗುವುದು ಈ ಕ್ಷೇತ್ರದ ಪ್ರೌಢಿಮೆಯ ಲಕ್ಷಣ. ಪೈಥಾನ್ ಭಾಷೆಯ ವಲಯದಲ್ಲಿ ಸೈಕಿಟ್-ಲರ್ನ್ ಎಂಬ ಪ್ಯಾಕೇಜು 2018ರಲ್ಲಿ ಕಾಲಂಗಳ ಒಂದೊಂದು ಗುಂಪಿಗೆ ಬೇರೆ ಬೇರೆ ಸಂಸ್ಕರಣೆಯನ್ನು ನಿಗದಿಪಡಿಸುವ ಸಾಧನವನ್ನು ಒದಗಿಸಿತು.

ಸ್ಟೇಟಾದ ಹದಿನಾರನೆಯ ಆವೃತ್ತಿಯು 2019ರಲ್ಲಿ, ನೂರಾರು ಚಲಕಗಳಿಂದ ಉಪಯುಕ್ತವಾದವನ್ನು ಆಯ್ಕೆಮಾಡುವ ಲ್ಯಾಸೊ ವಿಧಾನದ ಜೊತೆಗೇ, ‘ವಿಎಲ್’ ಎಂಬ ಆಜ್ಞಾಸಮೂಹವನ್ನು ಪರಿಚಯಿಸಿತು. ಅದು ಚಲಕಗಳನ್ನು ತಾನೇ ಪರಿಶೀಲಿಸಿ ವಿಂಗಡಿಸುತ್ತದೆ: ಋಣವಲ್ಲದ ಪೂರ್ಣಾಂಕಗಳೇ ಇದ್ದು ಭಿನ್ನ ಬೆಲೆಗಳು ಹತ್ತನ್ನು ಮೀರದಿದ್ದರೆ ವರ್ಗೀಕೃತ, ಹನ್ನೊಂದರಿಂದ ನೂರರವರೆಗಿದ್ದರೆ ಅನಿಶ್ಚಿತ, ನೂರನ್ನು ದಾಟಿದರೆ ನಿರಂತರ. ವಯಸ್ಸಿನಂಥ ಚಲಕ ಅನಿಶ್ಚಿತ ಗುಂಪಿಗೆ ಬೀಳುವುದು ಈ ಸಾಧನದ ಪ್ರಾಮಾಣಿಕತೆಯನ್ನು ತೋರಿಸುತ್ತದೆ, ಏಕೆಂದರೆ ಹದಿನೈದರಿಂದ ನಲವತ್ತೊಂಬತ್ತರವರೆಗಿನ ವಯಸ್ಸನ್ನು ಅಳತೆಯೆಂದು ಬಗೆಯಬೇಕೋ ವರ್ಗವೆಂದು ಬಗೆಯಬೇಕೋ ಎಂಬ ತೀರ್ಮಾನ ಯಂತ್ರದ್ದಲ್ಲ, ಸಂಶೋಧಕರದು. ಹೀಗೆ ಕಟ್ಟಿದ ಗುಂಪುಗಳು ದತ್ತಾಂಶದ ಜೊತೆಗೇ ಉಳಿದುಕೊಳ್ಳುತ್ತವೆ, ಕಡತವನ್ನು ಮತ್ತೆ ತೆರೆದಾಗ ಒಂದು ಆಜ್ಞೆಯಿಂದ ಮರುಜೀವ ಪಡೆಯುತ್ತವೆ.

ನಿಯಮಕ್ಕೂ ತನ್ನದೇ ಮಿತಿಯಿದೆ. ಹೆಸರಿನ ಆರಂಭವನ್ನೋ ಬೆಲೆಗಳ ಬಗೆಯನ್ನೋ ನೋಡಿ ಆಯ್ದ ಗುಂಪು ಮುಂದಿನ ಸುತ್ತಿನ ಸಮೀಕ್ಷೆಯಲ್ಲಿ ಹಿಗ್ಗಬಹುದು ಅಥವಾ ಕುಗ್ಗಬಹುದು. ಪ್ರಾದೇಶಿಕ ಸಂಕೇತವಾಗಿ ಬಳಸಿದ ಅಂಕಿಯೂ ಸಂಖ್ಯೆಯೆಂಬ ಕಾರಣಕ್ಕೇ ಅಳತೆಗಳ ನಡುವೆ ನುಸುಳಬಹುದು.

ದತ್ತಾಂಶದೊಡನೆ ಸಾಗುವ ಅರ್ಥ

ಈ ಮಿತಿಗೆ ಉತ್ತರ ತಂತ್ರಾಂಶಗಳ ಹೊರಗೂ ರೂಪುಗೊಂಡಿದೆ. ಸಮಾಜವಿಜ್ಞಾನದ ದತ್ತಾಂಶಗಳ ವಿವರಣೆಗೆಂದು 1990ರ ದಶಕದಲ್ಲಿ ಆರಂಭವಾದ ಡಿಡಿಐ ಎಂಬ ಅಂತರರಾಷ್ಟ್ರೀಯ ಮಾನಕದಲ್ಲಿ, ಪ್ರತಿ ಚಲಕದ ಅರ್ಥ ಮತ್ತು ಸಂಕೇತಗಳ ಜೊತೆಗೆ ಚಲಕಗಳ ಗುಂಪನ್ನೂ ಪ್ರತ್ಯೇಕ ಘಟಕವಾಗಿ ದಾಖಲಿಸಲು ಅವಕಾಶವಿದೆ. ಮನೆಯ ಆಸ್ತಿಗಳು ಒಂದು ಗುಂಪೆಂಬ ತಿಳಿವಳಿಕೆ ಆಗ ಒಬ್ಬ ವಿಶ್ಲೇಷಕನ ಆಜ್ಞಾಕಡತದಲ್ಲಿ ಹುದುಗಿರುವುದಿಲ್ಲ. ದತ್ತಾಂಶವನ್ನು ಬಳಸುವ ಎಲ್ಲರಿಗೂ, ಯಾವ ತಂತ್ರಾಂಶದಲ್ಲಾದರೂ, ಅದು ಸಮಾನವಾಗಿ ದೊರೆಯುತ್ತದೆ.

ಈ ಬೆಳವಣಿಗೆಯನ್ನು ಒಟ್ಟಾಗಿ ನೋಡಿದರೆ ಪ್ರತಿ ಹಂತವೂ ಹಿಂದಿನ ದೋಷವೊಂದನ್ನು ನೀಗಿ ಹೊಸತೊಂದನ್ನು ತಂದಿದೆಯೆಂಬುದು ಸ್ಪಷ್ಟವಾಗುತ್ತದೆ, ಮತ್ತು ಎಲ್ಲ ಹಂತಗಳಲ್ಲೂ ಅತ್ಯಂತ ಹಾನಿಕರವಾದದ್ದು ಮೌನವಾಗಿ ಘಟಿಸುವ ತಪ್ಪು. ಆದುದರಿಂದ ಗುಂಪನ್ನು ಆಜ್ಞಾಕಡತದ ಮೊದಲಲ್ಲೇ ಒಮ್ಮೆ ಮಾತ್ರ ವ್ಯಾಖ್ಯಾನಿಸುವುದು, ಅದರ ಪಾತ್ರವನ್ನು ಹೇಳುವ ಹೆಸರನ್ನಿಡುವುದು, ಬಳಸುವ ಮುನ್ನ ಸದಸ್ಯರ ಸಂಖ್ಯೆಯನ್ನೂ ಹೆಸರುಗಳನ್ನೂ ಪರೀಕ್ಷಿಸಿ ಹೊಂದದಿದ್ದರೆ ಕೆಲಸವನ್ನೇ ನಿಲ್ಲಿಸುವಂತೆ ಬರೆಯುವುದು, ಸೇರಿಸಿದ್ದಕ್ಕೂ ಬಿಟ್ಟದ್ದಕ್ಕೂ ಕಾರಣವನ್ನು ಟಿಪ್ಪಣಿಯಾಗಿ ದಾಖಲಿಸುವುದು ಯಾವ ತಂತ್ರಾಂಶದಲ್ಲಾದರೂ ಪಾಲಿಸಬಹುದಾದ ಶಿಸ್ತು. ಏಳು ಲಕ್ಷಕ್ಕೂ ಮಿಕ್ಕ ಮಹಿಳೆಯರು ಕೊಟ್ಟ ಉತ್ತರಗಳಿಂದ ನೀತಿಗಳು ರೂಪುಗೊಳ್ಳುವ ದೇಶದಲ್ಲಿ, ಯಾವ ಚಲಕಗಳನ್ನು ಲೆಕ್ಕಕ್ಕೆ ಹಿಡಿದು ಒಂದು ತೀರ್ಮಾನಕ್ಕೆ ಬರಲಾಯಿತು ಎಂಬುದು ಇನ್ನೊಬ್ಬರು ಓದಿ ಪರಿಶೀಲಿಸುವಷ್ಟು ಸ್ಪಷ್ಟವಾಗಿರಬೇಕು.