ಕಾನೂನಿನ ಅಳತೆಗೆ ಸಿಗದ ಚಾಕು

ಬಂದೂಕನ್ನು ನಿಷೇಧಿಸಬಹುದು. ಆದರೆ ಅಡಿಗೆಮನೆಯ ಚಾಕುವನ್ನು ನಿಷೇಧಿಸುವುದು ಹೇಗೆ? ನಗರಗಳಲ್ಲಿ ಚೂರಿ ಇರಿತದ ಪ್ರಕರಣಗಳು ಹೆಚ್ಚಿದಾಗಲೆಲ್ಲ ಕಾನೂನು ಬಿಗಿಯಾಗಬೇಕೆಂಬ ಕೂಗು ಏಳುತ್ತದೆ. ತರಕಾರಿ ಹೆಚ್ಚುವ ಸಲಕರಣೆಯೇ ಪ್ರಾಣ ತೆಗೆಯುವ ಆಯುಧವೂ ಆಗಬಲ್ಲದಾದರೆ ಗೆರೆ ಎಳೆಯುವುದೆಲ್ಲಿ? ನಮ್ಮ ದೇಶದ 1959ರ ಶಸ್ತ್ರಾಸ್ತ್ರ ಕಾಯ್ದೆಯ ನಿಯಮಗಳು ಇದಕ್ಕೊಂದು ಅಳತೆಯನ್ನು ಹೇಳುತ್ತವೆ. 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲವಾದ ಅಲಗು ಆಯುಧ. ಮನೆಬಳಕೆಯ ಮತ್ತು ಬೇಸಾಯದ ಸಲಕರಣೆಗಳಿಗೆ ವಿನಾಯಿತಿ. ಆದರೆ ಜಗಳಕ್ಕೆ ನಿಂತವನು ಅಂಗುಲದ ಲೆಕ್ಕ ನೋಡುವುದಿಲ್ಲ. ಈ ತೊಡಕನ್ನು ದಶಕಗಳ ಕಾಲ ಅನುಭವಿಸಿದ ಊರು ಸ್ಕಾಟ್ಲೆಂಡಿನ ಗ್ಲಾಸ್ಗೋ.

ಕ್ಲೈಡ್ ನದಿಯ ದಡದ ಈ ನಗರ ಒಂದು ಕಾಲಕ್ಕೆ ಹಡಗು ನಿರ್ಮಾಣಕ್ಕೆ ಜಗತ್ಪ್ರಸಿದ್ಧವಾಗಿತ್ತು. 1920 ಮತ್ತು 30ರ ದಶಕಗಳಲ್ಲಿ ಅದಕ್ಕೆ ಇನ್ನೊಂದು ಬಗೆಯ ಹೆಸರೂ ಅಂಟಿಕೊಂಡಿತು. ನಿರುದ್ಯೋಗ, ಇಕ್ಕಟ್ಟಿನ ವಠಾರಗಳು, ಪ್ರಾಟೆಸ್ಟೆಂಟ್ ಮತ್ತು ಕ್ಯಾಥೊಲಿಕ್ ಕೇರಿಗಳ ನಡುವಿನ ವೈರ, ಇವೆಲ್ಲ ಸೇರಿ ಬೀದಿಬೀದಿಗೂ ಪುಂಡರ ಗುಂಪುಗಳು ಹುಟ್ಟಿಕೊಂಡವು. ಅವರ ಕೈಯಲ್ಲಿದ್ದ ಆಯುಧ ಕ್ಷೌರದ ಕತ್ತಿ. ಪ್ರತಿ ಮನೆಯಲ್ಲೂ ಇದ್ದ ಆ ವಸ್ತುವನ್ನು ಯಾವ ಸರ್ಕಾರ ತಾನೆ ನಿಷೇಧಿಸೀತು? 1931ರಲ್ಲಿ ಪೊಲೀಸ್ ಮುಖ್ಯಸ್ಥರಾಗಿ ಬಂದ ಪರ್ಸಿ ಸಿಲಿಟೊ ಈ ಗುಂಪುಗಳನ್ನು ಬಲಪ್ರಯೋಗದಿಂದಲೇ ಹತ್ತಿಕ್ಕಿದರು. ಆದರೆ ಮುಂದಿನ ತಲೆಮಾರಿನಲ್ಲಿ ಹೊಸ ಗುಂಪುಗಳು ತಲೆಯೆತ್ತಿದವು.

1953ರಲ್ಲಿ ಬ್ರಿಟಿಷ್ ಸಂಸತ್ತು ಹೊಸ ದಾರಿ ಹಿಡಿಯಿತು. ಆ ವರ್ಷದ ಅಪರಾಧ ತಡೆ ಕಾಯ್ದೆಯ ಪ್ರಕಾರ, ಸಾರ್ವಜನಿಕ ಸ್ಥಳದಲ್ಲಿ ಸಕಾರಣವಿಲ್ಲದೆ ಆಕ್ರಮಣಕಾರಿ ಆಯುಧ ಇಟ್ಟುಕೊಂಡಿರುವುದೇ ಅಪರಾಧ. ಕಾರಣವನ್ನು ರುಜುವಾತುಪಡಿಸುವ ಹೊಣೆ ಆರೋಪಿಯದೇ. ಸ್ಕಾಟ್ಲೆಂಡಿಗಾಗಿಯೇ 1993ರಲ್ಲಿ ಬಂದ ಇನ್ನೊಂದು ಕಾಯ್ದೆ ಚಾಕುಗಳ ಮೇಲೆ ನೇರವಾಗಿ ಕಣ್ಣಿಟ್ಟಿತು. 3 ಅಂಗುಲ ಮೀರದ ಮಡಚುವ ಚಾಕುವನ್ನಷ್ಟೇ ಅದು ಹೊರಗಿಟ್ಟಿತು.

ಈ ನಡುವೆ ನಡೆದ ಒಂದು ಪ್ರಯೋಗ ಕುತೂಹಲಕರವಾಗಿದೆ. ಹಳೆಯ ವಠಾರಗಳ ಜನರಿಗಾಗಿ ನಗರದ ಅಂಚಿನಲ್ಲಿ ಈಸ್ಟರ್‌ಹೌಸ್ ಎಂಬ ಬಡಾವಣೆ ಕಟ್ಟಲಾಗಿತ್ತು. ಮನೆಗಳೇನೋ ಇದ್ದವು, ಹುಡುಗರು ಹೊತ್ತು ಕಳೆಯಲು ಸಿನಿಮಾ ಮಂದಿರ, ಆಟದ ತಾಣಗಳಂಥ ಸೌಕರ್ಯಗಳು ಇರಲಿಲ್ಲ. ಅಲ್ಲೂ ಗುಂಪು ಘರ್ಷಣೆ ಶುರುವಾಯಿತು. 1968ರಲ್ಲಿ ಜನಪ್ರಿಯ ಗಾಯಕ ಫ್ರಾಂಕಿ ವಾನ್ ಅಲ್ಲಿಗೆ ಬಂದು ಗುಂಪುಗಳ ನಾಯಕರೊಡನೆ ಮಾತನಾಡಿದರು. ಹುಡುಗರು ಆಯುಧಗಳನ್ನು ತಂದೊಪ್ಪಿಸಿದರು. ಅವರಿಗಾಗಿ ಯುವಕೇಂದ್ರವೊಂದೂ ತೆರೆಯಿತು. ಆದರೆ ಒಬ್ಬ ಗಾಯಕನ ಜನಪ್ರಿಯತೆಯಿಂದ ಇಡೀ ನಗರದ ಹಗೆತನ ತೀರುವಂತಿರಲಿಲ್ಲ. ಹೊಸ ಶತಮಾನ ಕಾಲಿಟ್ಟಾಗ ಗ್ಲಾಸ್ಗೋಗೆ ‘ಯೂರೋಪಿನ ಕೊಲೆಗಳ ರಾಜಧಾನಿ’ ಎಂಬ ಅಪಖ್ಯಾತಿ ಬಂದಿತ್ತು.

2005ರಲ್ಲಿ ಅಲ್ಲಿನ ಪೊಲೀಸರೇ ಹಿಂಸಾಚಾರ ತಡೆ ಘಟಕವೊಂದನ್ನು ಆರಂಭಿಸಿದರು. ಅದರ ಹಿಂದಿದ್ದವರು ಕ್ಯಾರಿನ್ ಮೆಕ್‌ಕ್ಲಸ್ಕಿ ಮತ್ತು ಪೊಲೀಸ್ ಅಧಿಕಾರಿ ಜಾನ್ ಕಾರ್ನೊಕನ್. ಹಿಂಸೆಯೂ ಸಾಂಕ್ರಾಮಿಕ ರೋಗದಂತೆ ಒಬ್ಬರಿಂದೊಬ್ಬರಿಗೆ ಹರಡುತ್ತದೆ, ಆದ್ದರಿಂದ ಅದನ್ನು ತಡೆಯಲೂ ಸಾಧ್ಯ ಎಂಬುದು ಅವರ ವಾದ. ಇರಿತಕ್ಕೊಳಗಾಗಿ ಆಸ್ಪತ್ರೆ ಸೇರಿದ ಎಷ್ಟೋ ಮಂದಿ ಪೊಲೀಸರಿಗೆ ದೂರನ್ನೇ ಕೊಡುತ್ತಿರಲಿಲ್ಲ. ಹಾಗಾಗಿ ವೈದ್ಯರು, ಶಿಕ್ಷಕರು, ಸಮಾಜಸೇವಕರು ಪೊಲೀಸರ ಜೊತೆಗೂಡಿದರು. 2008ರಲ್ಲಿ ಗುಂಪುಗಳ ಸದಸ್ಯರನ್ನು ನ್ಯಾಯಾಲಯದ ಕೊಠಡಿಗೆ ಕರೆಸಲಾಯಿತು, ವಿಚಾರಣೆಗಲ್ಲ, ಮಾತುಕತೆಗೆ. ಹಿಂಸೆ ಮುಂದುವರಿದರೆ ಗುಂಪಿಗೆ ಗುಂಪೇ ಬೆಲೆ ತೆರಬೇಕೆಂದು ಪೊಲೀಸರು ಎಚ್ಚರಿಸಿದರು. ಬಿಟ್ಟವರಿಗೆ ತರಬೇತಿ, ಉದ್ಯೋಗದ ನೆರವಿನ ಭರವಸೆ ಸಿಕ್ಕಿತು. ಗಾಯಗಳ ಸ್ವರೂಪವನ್ನು ವೈದ್ಯರು ವಿವರಿಸಿದರು. ಹಿಂಸೆಗೆ ಮಗನನ್ನು ಬಲಿಕೊಟ್ಟ ತಾಯಿಯೂ ಅಲ್ಲಿ ಮಾತನಾಡಿದಳು.

ಇದರರ್ಥ ಕಾನೂನನ್ನು ಪಕ್ಕಕ್ಕಿಟ್ಟರು ಎಂದಲ್ಲ. ಚಾಕು ಇಟ್ಟುಕೊಂಡದ್ದಕ್ಕೆ ಗರಿಷ್ಠ ಶಿಕ್ಷೆಯನ್ನು 2006ರಲ್ಲಿ 2 ವರ್ಷದಿಂದ 4 ವರ್ಷಕ್ಕೆ, 2016ರಲ್ಲಿ 5 ವರ್ಷಕ್ಕೆ ಏರಿಸಲಾಯಿತು. 2004–05ರಲ್ಲಿ ಸ್ಕಾಟ್ಲೆಂಡಿನಲ್ಲಿ 137 ಮಂದಿ ಕೊಲೆಯಾಗಿದ್ದರು. ಹತ್ತು ವರ್ಷಗಳಲ್ಲಿ ಆ ಸಂಖ್ಯೆ ಅರ್ಧಕ್ಕಿಂತ ಕೆಳಗಿಳಿಯಿತು. ಅದೇ ಅವಧಿಯಲ್ಲಿ ನೆರೆಯ ಇಂಗ್ಲೆಂಡಿನಲ್ಲೂ ಕೊಲೆಗಳು ಕಡಿಮೆಯಾದ್ದರಿಂದ ಕೀರ್ತಿಯೆಲ್ಲ ಈ ಘಟಕಕ್ಕೇ ಸಲ್ಲದು. ಆದರೂ ಲಂಡನ್ ನಗರವೇ ಮುಂದೆ ಈ ಮಾದರಿಯನ್ನು ಅನುಸರಿಸಿತೆಂಬುದು ಗಮನಾರ್ಹ.

ಹುಡುಗರಲ್ಲಿ ಅನೇಕರು ಚಾಕುವನ್ನು ಜೇಬಿಗಿಳಿಸುವುದು ಇನ್ನೊಬ್ಬನ ಜೇಬಿನಲ್ಲೂ ಅದಿರಬಹುದೆಂಬ ಭಯದಿಂದ. ಕಟ್ಟುನಿಟ್ಟಾದ ಕಾನೂನು ಆ ಚಾಕುವನ್ನು ಕಸಿದುಕೊಳ್ಳಬಲ್ಲದು; ಸಂಜೆಯೊಳಗೆ ಅಡಿಗೆಮನೆಯಿಂದ ಇನ್ನೊಂದು ಬರುವುದನ್ನು ಅದೊಂದೇ ತಡೆಯಲಾರದು. ಪುಂಡರನ್ನು ಬರಿಯ ಲಾಠಿಯಿಂದ, ಬರಿಯ ಕರುಣೆಯಿಂದ ಪ್ರತ್ಯೇಕವಾಗಿ ಎದುರಿಸಿ ಸೋತ ಊರು, ಎರಡನ್ನೂ ಒಟ್ಟಿಗೆ ಹಿಡಿದಾಗ ತುಸು ಉಸಿರಾಡಿತು. ಮುಂದೆ ಯಾವುದೇ ನಗರದಲ್ಲಿ ಹೊಸ ಕಾಯ್ದೆಗಾಗಿ ಕೂಗೆದ್ದಾಗ, ಅದರ ಜೊತೆಗೆ ಇನ್ನೇನು ಮಾಡುತ್ತೀರಿ ಎಂದು ಕೇಳುವುದು ನಾಗರಿಕರ ಕೆಲಸ.